ಹಿತ್ತಲ ಗಿಡವೂ ಪರೀಕ್ಷೆಯ ತಕ್ಕಡಿಯೂ

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ನಮ್ಮ ಹಿರಿಯರು ನಿಂದೆಯ ಮಾತಾಗಿ ಹೇಳುತ್ತಿದ್ದರು. ಮನೆಯ ಹಿಂದೆಯೇ ಬೆಳೆದಿರುವ ಸಂಪತ್ತನ್ನು ಕಡೆಗಣಿಸಿ ಪರಸ್ಥಳದ ಸರಕಿಗೆ ಕೈಯೊಡ್ಡುವವರ ಅವಿವೇಕವನ್ನು ತೋರಿಸಿಕೊಡುವುದಕ್ಕಾಗಿ ಹುಟ್ಟಿದ ಮಾತು ಅದು. ಈಗ ಗಾಳಿ ತಿರುಗಿ ಬೀಸುತ್ತಿದೆ. ಹಿತ್ತಲಲ್ಲಿ ಬೆಳೆದುದೆಲ್ಲವೂ ಮದ್ದೇ, ಅದರಲ್ಲಿಯೂ ಸಕ್ಕರೆ ರೋಗಕ್ಕೆ ರಾಮಬಾಣವೇ ಎಂದು ಸಾರುವವರು ಊರೂರಿಗೂ ಹುಟ್ಟಿಕೊಂಡಿದ್ದಾರೆ. ಮೊದಲನೆಯದು ಆತ್ಮವಿಸ್ಮೃತಿಯಾದರೆ ಎರಡನೆಯದು ಆತ್ಮವಂಚನೆ. ಇವೆರಡರ ನಡುವೆ ಸಿಕ್ಕಿ ನಲುಗುತ್ತಿರುವವನು ರೋಗಿ.

ಈ ವಿಷಯವನ್ನು ನಾವು ಇಂದು ಎತ್ತಿಕೊಳ್ಳುವುದಕ್ಕೆ ಒಂದು ಕಾರಣವುಂಟು; ಅದನ್ನು ಮುಚ್ಚಿಟ್ಟು ಬರೆಯುವುದು ಪ್ರಾಮಾಣಿಕತನವಾಗಲಾರದು. ನಮ್ಮ ಪತ್ರಿಕೆಯ ಬಹುಕಾಲದ ಚಂದಾದಾರರೂ ನಮ್ಮ ಸ್ನೇಹಿತರೂ ಆದ ಒಬ್ಬ ನಿವೃತ್ತ ಕಂದಾಯಾಧಿಕಾರಿಗಳು ಹನ್ನೆರಡು ವರ್ಷಗಳಿಂದ ಮಧುಮೇಹದಿಂದ ಬಳಲುತ್ತಿದ್ದವರು, ವೈದ್ಯರ ಸಲಹೆಯಂತೆ ಇನ್ಸುಲಿನ್ ಚುಚ್ಚಿಕೊಂಡು ಕ್ರಮವಾಗಿ ಜೀವನ ನಡೆಸುತ್ತಿದ್ದವರು. ತೊಂಬತ್ತು ದಿನಗಳಲ್ಲಿ ಸೂಜಿಯ ಗೊಡವೆಯೇ ತಪ್ಪುವುದೆಂದು ಆಶ್ವಾಸನೆಯಿತ್ತ ಒಂದು ಚೂರ್ಣವನ್ನು ಅವರು ತರಿಸಿಕೊಂಡರು, ಸೂಜಿಯನ್ನು ಬಿಟ್ಟರು. ಮೂರನೆಯ ತಿಂಗಳಲ್ಲಿ ಬಲಗಾಲಿಗಾದ ಸಣ್ಣ ಗಾಯವೊಂದು ಮಾಯದೆ ಕೊಳೆಯಿತು. ಆಸ್ಪತ್ರೆಯಲ್ಲಿ ಪಾದವನ್ನೇ ತೆಗೆಯಬೇಕಾಯಿತು. ನೋಡಲು ಹೋದ ನಮ್ಮೊಡನೆ ಅವರು ಕೋಪದ ಒಂದು ಮಾತನ್ನೂ ಆಡಲಿಲ್ಲ. "ನಿಮ್ಮ ಪತ್ರಿಕೆಯಲ್ಲಿಯೇ ಬಂದಿತ್ತಲ್ಲವೇ ಸ್ವಾಮಿ, ಸುಳ್ಳಿರಲಾರದು ಎಂದುಕೊಂಡೆ" ಎಂದರು. ಕಚೇರಿಗೆ ಹಿಂದಿರುಗಿ ಲೆಕ್ಕದ ಪುಸ್ತಕವನ್ನು ತೆಗೆಸಿ ನೋಡಿದೆವು. ಆ ಜಾಹೀರಾತು ನಮ್ಮಲ್ಲಿ ಹನ್ನೊಂದು ಸಲ ಅಚ್ಚಾಗಿತ್ತು. ಹಣ ಮುಂಗಡವಾಗಿಯೇ ಸಂದಾಯವಾಗಿತ್ತು.

ಆದುದರಿಂದ ಈ ಲೇಖನದಲ್ಲಿ ಆಪಾದಿತರ ಸಾಲಿನಲ್ಲಿ ನಾವೂ ನಿಂತಿದ್ದೇವೆಂಬುದನ್ನು ವಾಚಕ ಮಹಾಶಯರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ರೋಗದ ವ್ಯಾಪ್ತಿಯಾದರೂ ಸಾಮಾನ್ಯವಾದುದಲ್ಲ. ಉಂಡ ಅನ್ನವನ್ನು ದೇಹವು ಶಕ್ತಿಯಾಗಿ ಮಾರ್ಪಡಿಸಿಕೊಳ್ಳುವ ಕ್ರಮಕ್ಕೆ ಚಯಾಪಚಯವೆಂದು ಹೆಸರು. ಆ ಕ್ರಮ ಕೆಟ್ಟಾಗ ರಕ್ತದಲ್ಲಿ ಸಕ್ಕರೆಯೂ ಕೊಬ್ಬೂ ಮಿತಿಮೀರಿ ನಿಲ್ಲುತ್ತವೆ. ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರಗಳು ಒಂದೊಂದಾಗಿ ಸವೆಯುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ಈ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೆ ಮೇಲ್ಪಟ್ಟುದೆಂದು ಗಣಿಸಿತು. ರೋಗದ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13 ಕೋಟಿಗಿಂತ ಹೆಚ್ಚು. ಇಷ್ಟು ಜನಕ್ಕೆ ಆಯುಷ್ಯವಿರುವವರೆಗೂ ಔಷಧಿ ಬೇಕು. ಅಗ್ಗವಾಗಿ, ಹತ್ತಿರದಲ್ಲಿ, ತಮ್ಮ ನೆಲದಲ್ಲಿಯೇ ಬೆಳೆಯುವ ಔಷಧಿಯೊಂದು ದೊರೆತೀತೇ ಎಂದು ಅವರು ಹಂಬಲಿಸುವುದು ಸಹಜ. ಆ ಹಂಬಲವನ್ನು ಹಾಸ್ಯಮಾಡತಕ್ಕವರು ನಾವಲ್ಲ.

ನಮ್ಮ ಪೂರ್ವಿಕರ ಜ್ಞಾನವನ್ನು ಕುರಿತು ನಮಗೆ ಅಭಿಮಾನವಿದೆ. ಅದಕ್ಕೆ ಆಧಾರವೂ ಇದೆ. ಸುಶ್ರುತಸಂಹಿತೆಯು ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯ ಬಗೆಯ ರೋಗಿ ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಲಕ್ಷಣ ಹೇಳಿತು. ಇಂದಿನ ವೈದ್ಯಶಾಸ್ತ್ರ ಒಂದನೆಯ ಬಗೆ, ಎರಡನೆಯ ಬಗೆ ಎಂದು ಮಾಡುವ ವಿಭಾಗಕ್ಕೆ ಇದು ಎಷ್ಟು ಸಮೀಪವೆಂಬುದನ್ನು ವಿವರಿಸಬೇಕಾಗಿಲ್ಲ. ಧನಹೀನನಾದ ರೋಗಿಗೆ ಆ ಗ್ರಂಥವು ವಿಧಿಸಿದ ಚಿಕಿತ್ಸೆಯೂ ಸ್ಮರಣೀಯವಾದುದು: ಭಿಕ್ಷಾನ್ನವನ್ನುಂಡು ನೂರು ಯೋಜನ ನಡೆಯಲಿ ಎಂದಿತು. ಮೂಲಿಕೆಯ ಜೊತೆಗೆ ಮಿತಾಹಾರವನ್ನೂ ನಡಿಗೆಯನ್ನೂ ಕಡ್ಡಾಯಮಾಡಿದ ಆ ಆಚಾರ್ಯರ ಹೆಸರಿನಲ್ಲಿ, ಪಥ್ಯ ಬೇಡ, ಶ್ರಮ ಬೇಡ, ಚೂರ್ಣ ಸಾಕು ಎಂದು ಮಾರುವವರು ಅವರ ಶಿಷ್ಯರಾಗುವುದು ಹೇಗೆ?

ಸಸ್ಯಗಳಲ್ಲಿ ಸತ್ತ್ವವಿಲ್ಲವೆಂದು ಹೇಳುವ ವೈದ್ಯನೂ ತನ್ನ ಶಾಸ್ತ್ರದ ಚರಿತ್ರೆಯನ್ನು ಮರೆತವನೇ ಸರಿ. ಇಂದು ಮಧುಮೇಹಿಗೆ ವೈದ್ಯರು ಸಾಮಾನ್ಯವಾಗಿ ಮೊತ್ತಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಗುಳಿಗೆಯ ವಂಶವನ್ನು ಹುಡುಕುತ್ತ ಹೋದರೆ ಯೂರೋಪಿನ ಹೊಲಗದ್ದೆಗಳ ಗಲೇಗ ಎಂಬ ಗಿಡದ ಬುಡಕ್ಕೆ ಬಂದು ನಿಲ್ಲುತ್ತೇವೆ. ಆ ಗಿಡ ಅಲ್ಲಿನ ಹಳ್ಳಿಗರ ನಾಟಿಮದ್ದುಗಳಲ್ಲೊಂದು. ದನಕುರಿಗಳು ಹೆಚ್ಚಾಗಿ ಮೇಯ್ದರೆ ವಿಷ. ಅದರಲ್ಲಿ ಗ್ವಾನಿಡೀನ್ ಜಾತಿಯ ದ್ರವ್ಯವುಂಟು. ಆ ಜಾತಿಯ ದ್ರವ್ಯವು ಪ್ರಾಣಿಗಳ ರಕ್ತದ ಸಕ್ಕರೆಯನ್ನು ಇಳಿಸುವುದೆಂದು 1918ರಲ್ಲಿ ಕಂಡುಬಂತು. ಗಿಡದ ಸತ್ತ್ವವನ್ನೇ 1920ರ ದಶಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿ, ವಿಷದ ಭಯದಿಂದ ಕೈಬಿಟ್ಟರು. ಅದೇ ಕುಲದ ಸೌಮ್ಯದ್ರವ್ಯವಾದ ಮೆಟ್‌ಫಾರ್ಮಿನ್ 1922ರಲ್ಲಿ ಡಬ್ಲಿನ್ನಿನ ರಸಾಯನಶಾಲೆಯಲ್ಲಿ ಸಿದ್ಧವಾಯಿತು. ಪ್ಯಾರಿಸಿನ ವೈದ್ಯ ಜಾನ್ ಸ್ಟೆರ್ನ್ 1957ರಲ್ಲಿ ಅದನ್ನು ಮಧುಮೇಹಿಗಳಲ್ಲಿ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದನು. ಅಮೆರಿಕದ ಸರಕಾರ 1994ರವರೆಗೂ ಕಾಯ್ದು ಅನುಮತಿ ಕೊಟ್ಟಿತು. ಅದರ ಒಡಹುಟ್ಟಾದ ಫೆನ್‌ಫಾರ್ಮಿನ್ ರಕ್ತದಲ್ಲಿ ಆಮ್ಲವನ್ನೇರಿಸಿ ಪ್ರಾಣಾಪಾಯ ತರುವುದೆಂದು ತಿಳಿದುಬರಲು, 1970ರ ದಶಕದ ಕೊನೆಯಲ್ಲಿ ಅನೇಕ ದೇಶಗಳಲ್ಲಿ ಅಂಗಡಿಯಿಂದ ಹೊರಬಿತ್ತು. ಒಂದೇ ಕುಲದ ಇಬ್ಬರಲ್ಲಿ ಸಾಧುವಾರು, ಘಾತಕನಾರು ಎಂದು ತೋರಿಸಿಕೊಟ್ಟದ್ದು ಗಿಡದ ಕೀರ್ತಿಯಲ್ಲ, ಪರೀಕ್ಷೆ.

ಸೇಬಿನ ಮರದ ಕಥೆಯೂ ಇಂತಹುದೇ. ಅದರ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿದ್ರವ್ಯವನ್ನು 1835ರಲ್ಲಿ ತೆಗೆದರು. ಅದನ್ನು ತಿಂದವರ ಮೂತ್ರದಲ್ಲಿ ಸಕ್ಕರೆ ಹರಿದುಹೋಗುವುದೆಂದು 1886ರಲ್ಲಿ ಜರ್ಮನಿಯ ಫಾನ್ ಮೇರಿಂಗ್ ತೋರಿಸಿದನು. ಆ ಸೂಕ್ಷ್ಮವನ್ನೇ ಹಿಡಿದು, ಮೂತ್ರಪಿಂಡದ ಮೂಲಕ ಹೆಚ್ಚಿನ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಎಂಬ ಗುಳಿಗೆ 2012ರಲ್ಲಿ ಯೂರೋಪಿನ ರೋಗಿಗಳ ಕೈಸೇರಿತು. ತೊಗಟೆಯಿಂದ ಗುಳಿಗೆಯವರೆಗೆ 177 ವರ್ಷ! ಮೂಲಿಕೆಯಿಂದ ಮದ್ದಾಗುವ ಹಾದಿ ದೀರ್ಘವಾದುದು. ಆದರೆ ಹಾದಿ ಇಲ್ಲವೆನ್ನುವಂತಿಲ್ಲ.

ಹಾಗಾದರೆ ನಮ್ಮ ನೆಲದ ಮೂಲಿಕೆಗಳು ಆ ಹಾದಿಯಲ್ಲಿ ಎಷ್ಟು ದೂರ ನಡೆದಿವೆ? ಮಧುನಾಶಿನಿಯನ್ನು ನೋಡೋಣ. ಅದರ ಎಲೆಯನ್ನು ಅಗಿದವನಿಗೆ ಸ್ವಲ್ಪಹೊತ್ತು ಬೆಲ್ಲವೂ ಮಣ್ಣಿನಂತೆ ತೋರುವುದು. ಉದಕಮಂಡಲದಲ್ಲಿ ಸರಕಾರದ ರಸಾಯನಜ್ಞನಾಗಿದ್ದ ಡೇವಿಡ್ ಹೂಪರ್ 1887ರಷ್ಟು ಹಿಂದೆಯೇ ಅದರ ಸತ್ತ್ವವನ್ನು ಬೇರ್ಪಡಿಸಿದನು. ಮದರಾಸಿನ ವಿದ್ವಾಂಸರು ಆ ಎಲೆಯ ಸಾರವನ್ನು ಎರಡನೆಯ ಬಗೆಯ 22 ರೋಗಿಗಳಿಗೆ ದಿನಕ್ಕೆ 400 ಮಿಲಿಗ್ರಾಮಿನಂತೆ ಒಂದೂವರೆ ವರ್ಷಕ್ಕೂ ಮೀರಿ ಕೊಟ್ಟು, ರಕ್ತದ ಸಕ್ಕರೆ ಇಳಿದುದನ್ನೂ ಐವರಿಗೆ ಬೇರೆ ಗುಳಿಗೆಯೇ ಬೇಡವಾದುದನ್ನೂ 1990ರಲ್ಲಿ ಪ್ರಕಟಿಸಿದರು. ಆನಂದದ ಸಂಗತಿಯೇ ಹೌದು. ಆದರೆ 22 ಮಂದಿಯ ಅನುಭವ ಕೋಟಿ ಜನಕ್ಕೆ ಪ್ರಮಾಣವಾಗದು. ಯಾರಿಗೆ ಸಾರ, ಯಾರಿಗೆ ಹುಸಿಗುಳಿಗೆ ಎಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಹಂಚಿ ಮಾಡಿದ ಪರೀಕ್ಷೆಯೂ ಅದಾಗಿರಲಿಲ್ಲ.

ಹೊನ್ನೆಯ ಮರದ ವಿಷಯದಲ್ಲಿ ನಮ್ಮವರು ಒಂದು ಹೆಜ್ಜೆ ಮುಂದೆ ಹೋದರು. ಹೊನ್ನೆಯ ಲೋಟದಲ್ಲಿ ರಾತ್ರಿಯಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿ ನಮ್ಮ ಊರುಗಳಲ್ಲಿ ಎಲ್ಲರಿಗೂ ತಿಳಿದಿರುವುದೇ. ಸಂಶೋಧನಾ ಪರಿಷತ್ತು ನಾಲ್ಕು ಕೇಂದ್ರಗಳಲ್ಲಿ, ಹೊಸದಾಗಿ ರೋಗ ಕಂಡುಬಂದ 97 ಮಂದಿಗೆ ಅದರ ಸಾರವನ್ನು ಕೊಟ್ಟಾಗ, 12 ವಾರಗಳಲ್ಲಿ 67 ಮಂದಿಯ ಸಕ್ಕರೆ ಹತೋಟಿಗೆ ಬಂತೆಂದು 1998ರಲ್ಲಿ ವರದಿಯಾಯಿತು. ಹೋಲಿಸಿ ನೋಡುವುದಕ್ಕೆ ಬೇರೊಂದು ಗುಂಪಿಲ್ಲದಿದ್ದುದು ಅದರ ಕೊರತೆ. ಆ ಕೊರತೆಯನ್ನು ನೀಗಲು, ಟಾಲ್ಬ್ಯುಟಮೈಡ್ ಎಂಬ ಹಳೆಯ ಗುಳಿಗೆಯೊಡನೆ 36 ವಾರಗಳ ಕಾಲ, ಯಾರಿಗೆ ಯಾವುದೆಂದು ತಿಳಿಯದಂತೆ ಹೋಲಿಸಿದ ಪರೀಕ್ಷೆಯ ಫಲ 2005ರಲ್ಲಿ ಪ್ರಕಟವಾಯಿತು. ಇದೇ ಸರಿಯಾದ ಮಾರ್ಗ. ಇದಕ್ಕಿಂತ ದೊಡ್ಡ ಪರೀಕ್ಷೆಗಳು, ಇದಕ್ಕಿಂತ ದೀರ್ಘಕಾಲದವು, ಇದರ ಬೆನ್ನಿಗೆ ಬರಬೇಕಾಗಿದ್ದವು. ಲೋಟ ಮಾರುವವರ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲು ಸಂಶೋಧನೆಗೆ ಹಣ ಒದಗಿಸುವವರಲ್ಲಿ ಇದ್ದಿದ್ದರೆ, ಹೊನ್ನೆಯು ಔಷಧಿಯೋ ಅಲ್ಲವೋ ಎಂಬ ಪ್ರಶ್ನೆಗೆ ಇಷ್ಟು ಹೊತ್ತಿಗೆ ಉತ್ತರ ಸಿಕ್ಕಿರುತ್ತಿತ್ತು.

ಅಷ್ಟರಲ್ಲಿ ಬೇರೆಯವರು ಸುಮ್ಮನಿರಲಿಲ್ಲ. ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಸಿಂಹಳದಲ್ಲಿಯೂ ಬೆಳೆಯುವ ಏಕನಾಯಕನ ಜಾತಿಯ ಬಳ್ಳಿಗಳನ್ನು ನಾಟಿವೈದ್ಯರು ಎಷ್ಟು ತಲೆಮಾರುಗಳಿಂದ ಬಲ್ಲರೋ! ಅವುಗಳಲ್ಲೊಂದು ಪಿಷ್ಟವು ಕರುಳಿನಲ್ಲಿ ಸಕ್ಕರೆಯಾಗುವುದನ್ನು ತಡೆಯುವುದು ಯಾವ ದ್ರವ್ಯದಿಂದ ಎಂದು 1997ರಲ್ಲಿ ಕಂಡುಹಿಡಿದು, ಅದಕ್ಕೆ ಸಾಲಸಿನಾಲ್ ಎಂದು ಹೆಸರಿಟ್ಟವರು ಜಪಾನಿನ ಕ್ಯೋಟೋ ನಗರದ ವಿದ್ವಾಂಸರು. ಬಳ್ಳಿ ನಮ್ಮದೆಂಬ ಹೆಮ್ಮೆ ನಮ್ಮಲ್ಲಿ ಉಳಿಯಿತು. ಬಳ್ಳಿಯ ಗುಟ್ಟು ಅವರ ವಶವಾಯಿತು.

ಪರೀಕ್ಷೆಯೆಂದರೆ ಕೆಲವೊಮ್ಮೆ ನಮಗೆ ಹಿತವಲ್ಲದ ಉತ್ತರವೂ ಬರುವುದು. ಗುಗ್ಗುಲವನ್ನು ನೆನೆಯಿರಿ. ಮೇದೋರೋಗವನ್ನು ಕುರಿತ ಸುಶ್ರುತನ ಮಾತನ್ನು ಹಿಡಿದು, ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿಯವರು ನಡೆಸಿದ ಸಂಶೋಧನೆಯು, ಆ ಅಂಟು ರಕ್ತದ ಕೊಬ್ಬನ್ನು ತಗ್ಗಿಸುವುದೆಂದು 1966ರಲ್ಲಿ ತೋರಿಸಿತು. ಲಕ್ನೋವಿನ ಕೇಂದ್ರೀಯ ಔಷಧ ಸಂಶೋಧನಾಲಯದ ಶ್ರಮದಿಂದ ಅದು 1980ರ ದಶಕದಲ್ಲಿ ಪೇಟೆಗೂ ಬಂತು. ಆದರೆ ಅಮೆರಿಕದಲ್ಲಿ 103 ಮಂದಿಯ ಮೇಲೆ ಎಂಟು ವಾರ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೆಟ್ಟ ಕೊಬ್ಬು ಇಳಿಯುವುದಕ್ಕೆ ಬದಲಾಗಿ ಕೊಂಚ ಏರಿತು. ಹಾಗಲಕಾಯಿಯ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯವರು, ನಂಬತಕ್ಕ ಕ್ರಮದ ನಾಲ್ಕು ಪರೀಕ್ಷೆಗಳು ಮಾತ್ರ, 479 ಮಂದಿ ಮಾತ್ರ, ಇಷ್ಟರಿಂದ ಗುಣವನ್ನು ಸ್ಥಾಪಿಸಲಾಗದೆಂದು 2012ರಲ್ಲಿ ಹೇಳಿದರು. ಗುಣವಿಲ್ಲವೆಂದಲ್ಲ, ತಿಳಿಯುವಷ್ಟು ಯಾರೂ ಶ್ರಮಪಟ್ಟಿಲ್ಲವೆಂದು. ಇದಕ್ಕೆ ಪ್ರತಿಯಾಗಿ ಮೆಂತ್ಯದ ಸಂಗತಿ ಸಮಾಧಾನಕರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಎಣ್ಣೆ ತೆಗೆದ ಮೆಂತ್ಯದ ಹಿಟ್ಟನ್ನು ದಿನಕ್ಕೆ 100 ಗ್ರಾಮಿನಂತೆ ಇನ್ಸುಲಿನ್ನಿನ ಜೊತೆಯಲ್ಲಿಯೇ ಕೊಟ್ಟು, ಸಕ್ಕರೆ ತಗ್ಗಿದುದನ್ನು 1990ರಲ್ಲಿ ಪ್ರಕಟಿಸಿದರು. ಜೊತೆಯಲ್ಲಿಯೇ ಎಂಬ ಮಾತನ್ನು ವಾಚಕರು ಗಮನಿಸಬೇಕು. ಮೆಂತ್ಯದ ನಾರು ಅನ್ನದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ; ಅದು ಆಹಾರದ ಸಹಾಯ, ಔಷಧಿಯ ಪ್ರತಿನಿಧಿಯಲ್ಲ.

ಈಗ ಮನೆಮನೆಯ ಕುಂಡದಲ್ಲಿ ರಾರಾಜಿಸುತ್ತಿರುವ "ಇನ್ಸುಲಿನ್ ಗಿಡ"ದ ಮಾತನ್ನೂ ಆಡಿಬಿಡೋಣ. ಅದು ನಮ್ಮ ಯಾವ ಸಂಹಿತೆಯಲ್ಲಿಯೂ ಕಾಣದ, ಬ್ರೆಜಿಲ್ ದೇಶದಿಂದ ಬಂದ ಅತಿಥಿ. ಹೆಸರಿನಲ್ಲಿ ಇನ್ಸುಲಿನ್ ಉಂಟೇ ಹೊರತು ಎಲೆಯಲ್ಲಿಲ್ಲ. ಇದ್ದಿದ್ದರೂ ನುಂಗಿದ ಇನ್ಸುಲಿನ್ ಹೊಟ್ಟೆಯಲ್ಲಿ ಅನ್ನದಂತೆಯೇ ಜೀರ್ಣವಾಗಿಹೋಗುವುದು. ಸ್ವದೇಶಿಯ ಹೆಸರಿನಲ್ಲಿ ವಿದೇಶೀ ಗಿಡವನ್ನು, ವಿದೇಶೀ ಔಷಧಿಯ ಹೆಸರನ್ನು ಹಚ್ಚಿ, ಪೂರ್ವಿಕರ ವಿದ್ಯೆಯೆಂದು ಹಂಚುತ್ತಿರುವ ಈ ವಿನೋದವನ್ನು ಏನೆನ್ನೋಣ!

ಗಿಡವೆಂದ ಮಾತ್ರಕ್ಕೆ ನಿರಪಾಯವೆಂಬುದೂ ಭ್ರಮೆ. ಅಮೃತಬಳ್ಳಿಯನ್ನು ಮನಸೋಯಿಚ್ಛೆ ಸೇವಿಸಿ ಯಕೃತ್ತು ಕೆಟ್ಟ ಆರು ರೋಗಿಗಳ ವೃತ್ತಾಂತವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಅಂಥ 43 ರೋಗಿಗಳ ವಿವರ ಹೊರಬಂತು. ಬೆರಕೆಯ ಅಪಾಯ ಇನ್ನೂ ಘೋರ. ಕ್ಯಾಲಿಫೋರ್ನಿಯಾದ ಅಧಿಕಾರಿಗಳು 2000ರಲ್ಲಿ, ಬರಿಯ ಗಿಡಮೂಲಿಕೆಯೆಂದು ಮಾರಾಟವಾಗುತ್ತಿದ್ದ ಮಧುಮೇಹದ ಐದು ಔಷಧಿಗಳಲ್ಲಿ ಗುಟ್ಟಾಗಿ ಬೆರೆಸಿದ್ದ ಗ್ಲಿಬೆನ್‌ಕ್ಲಮೈಡನ್ನೂ, ಅದಾಗಲೇ ಬಹಿಷ್ಕೃತವಾಗಿದ್ದ ಫೆನ್‌ಫಾರ್ಮಿನನ್ನೂ ಪತ್ತೆಹಚ್ಚಿದರು. ಮೂಲಿಕೆಯ ವೇಷ ಧರಿಸಿದ ಗುಳಿಗೆಯನ್ನು ಅಳತೆ ತಿಳಿಯದೆ ನುಂಗಿದ ರೋಗಿಯ ಸಕ್ಕರೆ ಒಮ್ಮೆಗೇ ಕುಸಿದರೆ ಮೂರ್ಛೆ, ಮರಣ. ಇದರಿಂದ ಮೊದಲು ಕೆಡುವುದು ರೋಗಿಯ ದೇಹ. ಅನಂತರ ಕೆಡುವುದು ನಿಜವಾದ ಮೂಲಿಕೆಯ ಮಾನ.

ಇಲ್ಲಿ ಪಂಡಿತರ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕು. "ಆಯುರ್ವೇದವು ರೋಗಿಯ ಪ್ರಕೃತಿಯನ್ನು ನೋಡಿ ಒಬ್ಬೊಬ್ಬನಿಗೆ ಒಂದೊಂದು ಚಿಕಿತ್ಸೆ ವಿಧಿಸುತ್ತದೆ; ಎಲ್ಲರಿಗೂ ಒಂದೇ ಗುಳಿಗೆ ಕೊಟ್ಟು ನೋಡುವ ಪರೀಕ್ಷೆ ನಮಗೆ ಒಗ್ಗದು" ಎಂದು ಅವರು ಹೇಳುವರು. ಮಾತಿನಲ್ಲಿ ತಥ್ಯವಿದೆ. ಆದರೆ ಪರೀಕ್ಷೆಯನ್ನು ಅದಕ್ಕೆ ತಕ್ಕಂತೆ ರೂಪಿಸಬಹುದಲ್ಲ! ಒಂದು ಗುಂಪಿನ ರೋಗಿಗಳಿಗೆ ಪಂಡಿತರು ಪ್ರಕೃತಿಯನ್ನು ನೋಡಿಯೇ ಚಿಕಿತ್ಸೆ ಮಾಡಲಿ. ಇನ್ನೊಂದು ಗುಂಪಿಗೆ ಡಾಕ್ಟರರು ಮಾಡಲಿ. ವರ್ಷ ಕಳೆದ ಮೇಲೆ ಎರಡು ಗುಂಪಿನ ರಕ್ತವನ್ನೂ ಕಣ್ಣನ್ನೂ ಮೂತ್ರಪಿಂಡವನ್ನೂ ಮೂರನೆಯವರು ನೋಡಲಿ. ರಕ್ತದ ಸಕ್ಕರೆಗೆ ಪಕ್ಷಪಾತವಿಲ್ಲ. ಅದು ಚಿಕಿತ್ಸೆ ಮಾಡಿದವನು ಪಂಡಿತನೋ ಡಾಕ್ಟರನೋ ಎಂದು ಕೇಳಿ ಏರಿಳಿಯುವುದಿಲ್ಲ.

ಮತ್ತೊಂದು ಮಾತೂ ನಿಜ. ಹಿತ್ತಲಲ್ಲಿ ಯಾರಾದರೂ ಬೆಳೆಯಬಹುದಾದ ಗಿಡಕ್ಕೆ ಏಕಸ್ವಾಮ್ಯ ದೊರೆಯುವುದು ಕಷ್ಟ. ಆದುದರಿಂದ ಲಾಭವನ್ನೇ ನೋಡುವ ಕಂಪೆನಿ ಅದರ ಪರೀಕ್ಷೆಗೆ ಕೋಟಿಗಟ್ಟಲೆ ಹಣ ಸುರಿಯಲಾರದು. ಇದರಿಂದ ಸಿದ್ಧವಾಗುವುದೇನು? ಆ ಕರ್ತವ್ಯ ಸರಕಾರದ್ದೇ ಎಂಬುದು. ಮೈಸೂರಿನಲ್ಲಿ 1908ರಲ್ಲಿಯೇ ಆಯುರ್ವೇದ ಪಾಠಶಾಲೆಯನ್ನು ಸ್ಥಾಪಿಸಿದ ನಾಡು ನಮ್ಮದು. ಆಯುರ್ವೇದ ಕಾಲೇಜುಗಳನ್ನೂ ವೈದ್ಯಕೀಯ ಕಾಲೇಜುಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಮಧುನಾಶಿನಿ, ಹೊನ್ನೆ, ಏಕನಾಯಕ, ಹಾಗಲ, ನೇರಳೆಯ ಬೀಜ ಈ ಐದನ್ನಾದರೂ ಆರಿಸಿಕೊಂಡು, ಗಿಡ ಬೆಳೆದ ಸ್ಥಳ, ಕಿತ್ತ ಋತು, ಸಾರದ ಪ್ರಮಾಣ ಇವುಗಳನ್ನು ಗೊತ್ತುಪಡಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಪರೀಕ್ಷೆಗೆ ಹಚ್ಚಬೇಕು. ಫಲ ಅನುಕೂಲವಾಗಲಿ ಪ್ರತಿಕೂಲವಾಗಲಿ, ಕನ್ನಡದಲ್ಲಿ ಪ್ರಕಟಿಸಬೇಕು. ಪ್ರತಿಕೂಲ ಫಲವನ್ನು ಕಪಾಟಿನಲ್ಲಿಡುವ ಸಂಶೋಧನೆಯು ಸಂಶೋಧನೆಯಲ್ಲ, ಜಾಹೀರಾತು.

ಅಧಿಕಾರಿವರ್ಗದವರಿಗೆ ಹೊಸ ಕಾಯಿದೆಯೊಂದನ್ನು ಮಾಡಿರೆಂದು ನಾವು ಕೇಳುತ್ತಿಲ್ಲ. ಮಾಂತ್ರಿಕ ಔಷಧಿಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯಲು 1954ರಲ್ಲಿಯೇ ಕೇಂದ್ರದ ಕಾಯಿದೆಯಾಯಿತು. ಗುಣಪಡಿಸುತ್ತೇವೆಂದು ಜಾಹೀರಾತು ಮಾಡಕೂಡದ ರೋಗಗಳ ಪಟ್ಟಿಯೊಂದನ್ನು ಅದಕ್ಕೆ ಲಗತ್ತಿಸಿದರು. ಅದರಲ್ಲಿ ಮಧುಮೇಹದ ಹೆಸರು ಸ್ಪಷ್ಟವಾಗಿದೆ. ಅಂದರೆ ನಮ್ಮ ಸ್ನೇಹಿತರ ಕಾಲನ್ನು ತೆಗೆದುಕೊಂಡ ಆ ಜಾಹೀರಾತು ಅನಾಚಾರ ಮಾತ್ರವಲ್ಲ, ಅಪರಾಧವೂ ಆಗಿತ್ತು. ಪಟ್ಟಿ ಕಡತದಲ್ಲಿ ಮಲಗಿದೆ. ಜಾಹೀರಾತು ಬೀದಿಯಲ್ಲಿ ಕುಣಿಯುತ್ತಿದೆ. ಎಬ್ಬಿಸಬೇಕಾದವರು ಯಾರೆಂಬುದನ್ನು ನಮ್ಮ ವಾಚಕರಾದ ಅಧಿಕಾರಿಗಳಿಗೆ ನಾವು ಹೇಳಿಕೊಡಬೇಕೇ?

ಡಾಕ್ಟರರಲ್ಲಿಯೂ ಒಂದು ವಿಜ್ಞಾಪನೆ. ಕಷಾಯ ಕುಡಿಯುವ ರೋಗಿಯನ್ನು ಗದರಿದರೆ ಅವನು ಕಷಾಯವನ್ನು ಬಿಡುವುದಿಲ್ಲ. ಹೇಳುವುದನ್ನು ಮಾತ್ರ ಬಿಡುತ್ತಾನೆ. ಏನು ಸೇವಿಸುತ್ತೀರಿ ಎಂದು ಸೌಜನ್ಯದಿಂದ ಕೇಳಿ, ಅದಕ್ಕೆ ತಕ್ಕಂತೆ ಗುಳಿಗೆಯ ಪ್ರಮಾಣವನ್ನು ನಿರ್ಧರಿಸುವುದೇ ವಿವೇಕ. ಮಧುಮೇಹಿಗಳಾದ ವಾಚಕರಿಗೆ ನಾವು ಕೈಮುಗಿದು ಹೇಳುವುದಿಷ್ಟು: ಹಾಗಲಕಾಯಿಯ ಪಲ್ಯವನ್ನು ಉಣ್ಣಿರಿ, ಮೆಂತ್ಯವನ್ನು ನೆನೆಹಾಕಿ ತಿನ್ನಿರಿ, ಬೆಳಗಿನ ಹೊತ್ತು ನಡೆಯಿರಿ, ವೈದ್ಯರಿಗೆ ತಿಳಿಸಿ ಮಾಡಿರಿ. ಆದರೆ ಯಾವ ಎಲೆಗಾಗಿಯೂ, ಯಾವ ಬೇರಿಗಾಗಿಯೂ, ಯಾವ ಮಹಾತ್ಮನ ಮಾತಿಗಾಗಿಯೂ ಗುಳಿಗೆಯನ್ನಾಗಲಿ ಸೂಜಿಯನ್ನಾಗಲಿ ನೀವಾಗಿಯೇ ನಿಲ್ಲಿಸಬೇಡಿರಿ. ಟೊರಾಂಟೊ ನಗರದಲ್ಲಿ 1922ರ ಜನವರಿಯಲ್ಲಿ 14 ವಯಸ್ಸಿನ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚುವುದಕ್ಕೆ ಮುಂಚೆ, ಒಂದನೆಯ ಬಗೆಯ ರೋಗ ತಗುಲಿದ ಮಕ್ಕಳನ್ನು ತಾಯ್ತಂದೆಯರು ಕಣ್ಣೆದುರಿಗೇ ಕಳೆದುಕೊಳ್ಳುತ್ತಿದ್ದರು. ಅಂಥ ಮಕ್ಕಳಿಗೆ ಇಂದಿಗೂ ಇನ್ಸುಲಿನ್ನಿನ ಸ್ಥಾನವನ್ನು ತುಂಬಬಲ್ಲ ಮೂಲಿಕೆ ಒಂದೂ ಇಲ್ಲ. ಅವರ ಸೂಜಿಯನ್ನು ಬಿಡಿಸುವವನು ವೈದ್ಯನಲ್ಲ, ಕೊಲೆಗಾರ.

ಕಡೆಯದಾಗಿ ನಮ್ಮ ಮಾತು. ಪತ್ರಿಕೆ ನಡೆಯುವುದು ಜಾಹೀರಾತಿನಿಂದ. ಚಂದಾಹಣದಿಂದ ಕಾಗದದ ವೆಚ್ಚವೂ ಹುಟ್ಟುವುದಿಲ್ಲವೆಂಬುದು ಬಲ್ಲವರಿಗೆ ತಿಳಿದೇ ಇದೆ. ಆದರೂ ಮುಂದಿನ ತಿಂಗಳ ಮೊದಲನೆಯ ತಾರೀಖಿನಿಂದ, ಮಧುಮೇಹವನ್ನಾಗಲಿ ಆ ಪಟ್ಟಿಯ ಬೇರಾವ ರೋಗವನ್ನಾಗಲಿ ಗುಣಪಡಿಸುವೆವೆಂದು ಹೇಳುವ ಯಾವ ಜಾಹೀರಾತೂ, ಎಷ್ಟೇ ಹಣ ಬರುವುದಿದ್ದರೂ, ನಮ್ಮಲ್ಲಿ ಅಚ್ಚಾಗದು. ಮುಂಗಡ ಕೊಟ್ಟವರ ಹಣವನ್ನು ಹಿಂದಿರುಗಿಸಲು ಏರ್ಪಾಡಾಗಿದೆ. ಇದನ್ನು ತ್ಯಾಗವೆಂದು ಯಾರೂ ಕೊಂಡಾಡಬೇಕಾಗಿಲ್ಲ. 1954ರಿಂದಲೂ ಸಲ್ಲಬೇಕಾಗಿದ್ದ ಬಾಕಿಯನ್ನು ತಡವಾಗಿ ಸಲ್ಲಿಸುತ್ತಿದ್ದೇವೆ, ಅಷ್ಟೆ. ನಮ್ಮ ಸಹೋದ್ಯೋಗಿ ಪತ್ರಿಕೆಗಳೂ ಹೀಗೆಯೇ ಮಾಡುವುವೆಂದು ನಂಬಿದ್ದೇವೆ.

ಹಿತ್ತಲ ಗಿಡ ಮದ್ದಾಗಬಹುದು. ಮದ್ದೆಂದು ಅದನ್ನು ಕರೆಯುವ ಅಧಿಕಾರ ಮಾರುವವನಿಗಿಲ್ಲ, ಮೆಚ್ಚುವವನಿಗಿಲ್ಲ, ಅಚ್ಚುಹಾಕುವ ನಮಗಂತೂ ಇಲ್ಲವೇ ಇಲ್ಲ. ತೂಗಿ ನೋಡಿದವನಿಗೆ ಮಾತ್ರ ಉಂಟು. ಆ ತಕ್ಕಡಿಯನ್ನು ಹಿಡಿಯುವ ಕೈ ನಮ್ಮದೇ ಆಗಲೆಂಬುದು ನಮ್ಮ ಆಸೆ.